ದೋಸ್ತ, ಆ ಠರಾವು ಚೀಲದಾಗ ಇಡಬ್ಯಾಡ

ದೋಸ್ತ,

ನಿನ್ನ ವಾಯ್ಸ್ ಮೆಸೇಜ್ ಪೂರಾ ಕೇಳ್ದೆ, ನಡುನಡುವ ಬಸ್ಸಿನ ಹಾರ್ನ್ ಜಾಸ್ತಿ ಇತ್ತು, ಆದ್ರೂ ತಿಳೀತು. ಕೇರಳದ ಎಡರಂಗ ಸರ್ಕಾರ ಮಾಡಿದ ಖಾಸಗಿ ಯೂನಿವರ್ಸಿಟಿ ಕಾಯ್ದೆ ತಪ್ಪು ಅಂತ ನಿಮ್ಮ ವಿದ್ಯಾರ್ಥಿ ಸಂಘಟನೆಯ ಬೆಳಗಾವಿ ಯೂನಿಟ್ ಮೀಟಿಂಗ್‌ನ್ಯಾಗ ಠರಾವು ತಂದ್ರಿ, ಪಾರ್ಟಿ ಕಡಿಂದ ಬಂದಿದ್ದ ಹಿರಿಯರು 'ವಿಷಯ ಖರೇ ಐತಿ ಕಾಮ್ರೇಡ್, ಟೈಮ್ ಸರಿ ಇಲ್ಲ' ಅಂದ್ರು, ಕಡೀಕ ಬುಕ್ಕಿನ್ಯಾಗ 'ಸುದೀರ್ಘ ಚರ್ಚೆ ನಡೆಯಿತು' ಅಂತ ಬರದು ಚಾ ಕುಡದು ಎದ್ರಿ. ಈಗ ನೀ ಕೇಳಾಕತ್ತೀದಿ, ಸಂಘಟನೆ ಬಿಡ್ಲೋ, ಇಲ್ಲ ಬಾಯಿ ಮುಚ್ಕೊಂಡು ಇರ್ಲೋ ಅಂತ. ನನ್ನ ಕೇಳಿದ್ರ ಎರಡೂ ಬ್ಯಾಡ.

ನಿನ್ನ ಪರ್ಮಿಷನ್ ತಗೊಂಡೇ ಇದನ್ನ ಎಲ್ಲಾರಿಗೂ ಕಾಣೂ ಹಂಗ ಹಾಕಾಕತ್ತೀನಿ. ನಿನ್ನ ಹೆಸರು ಬಿಟ್ಟೀನಿ, ಸಂಘಟನೆ ಹೆಸರೂ ಬಿಟ್ಟೀನಿ. ಎಡಕ್ಕ ಇರೂ ಹುಡುಗರು ಯಾವ ಝಂಡಾ ಹಿಡದ್ರೂ ಈ ತಲಿನೋವು ಒಂದಲ್ಲ ಒಂದಿನ ಬಂದ ಬರ್ತೈತಿ.

ಮೊದಲ ಇಲ್ಲಿದು ಹೇಳ್ತೀನಿ. ವಿಜಯಪುರದಾಗ ಪಿಪಿಪಿ ಬ್ಯಾಡ, ಪೂರಾ ಸರ್ಕಾರಿ ಮೆಡಿಕಲ್ ಕಾಲೇಜೇ ಬೇಕು ಅಂತ 2025ರಾಗ ಧರಣಿ ಕುಂತಿದ್ದು ನಿನಗ ಗೊತ್ತೈತಿ. ಊರಾಗ ಎರಡು ಮೆಡಿಕಲ್ ಕಾಲೇಜು ಅದಾವ, ಎರಡೂ ಪ್ರೈವೇಟ್. ಸರ್ಕಾರದ್ದು ಒಂದು ಬರ್ತೈತಿ ಅಂತ ಮಂದಿ ಕಾಯ್ತಿದ್ರ, ಖಾಸಗಿಯವರ ಜೋಡಿ ಪಾಲುದಾರಿಕೆ ಅಂತ ಕೇಳಿ ಎಲ್ಲಾರಿಗೂ ಸಿಟ್ಟು ಬಂತು. ನಾನೂ ಹೋಗಿ ಕುಂಡರ್ತಿದ್ದೆ. ಒಂದಿನ ಒಬ್ಬ ಹುಡುಗ ಮೈಕ್ ಹಿಡದು ಶಿಕ್ಷಣದ ಖಾಸಗೀಕರಣದ ಮ್ಯಾಲ ಭಾಳ ಚಲೋ ಮಾತಾಡ್ತಿದ್ದ, ಎದುರಿಗೆ ಚಾಪಿ ಮ್ಯಾಲ ಒಬ್ಬ ಅಜ್ಜ ಹೆಂಡತಿ ಎಕ್ಸ್‌ರೇ ಕವರ್ ಮಡಚಿ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ದ, ಜಿಲ್ಲಾ ಆಸ್ಪತ್ರೆಯಿಂದ ನೆಟ್ಟಗ ಇಲ್ಲಿಗೇ ಬಂದಂಗಿತ್ತು. ಆವಾಗ ಬೈಕ್ ಸ್ಟ್ಯಾಂಡ್ ಹಾಕಿ ನಿಂತಿದ್ದ ಒಬ್ಬ ಪೋರ, ಕುಹಕಕ್ಕ ಕೇಳಿದ್ನೋ ಖರೇನ ಕೇಳಿದ್ನೋ ಗೊತ್ತಿಲ್ಲ, 'ಅಣ್ಣಾ, ಕೇರಳದಾಗ ನಿಮ್ಮೋರೇ ಪ್ರೈವೇಟ್ ಯೂನಿವರ್ಸಿಟಿಗೆ ಕಾಯ್ದೆ ಮಾಡ್ಯಾರಲ್ಲ, ಅದಕ್ಕೇನಂತೀರಿ' ಅಂದ. ಮೈಕ್ ಹಿಡದ ಹುಡುಗ ವೈರ್ ಬೆರಳಿಗೆ ಸುತ್ತಿಗೋತ 'ಅಲ್ಲಿ ಪರಿಸ್ಥಿತಿ ಬ್ಯಾರೆ ಐತಿ' ಅಂದ. ಅಷ್ಟ. ಮುಂದ ಮಾತು ಹೊಂಡಲಿಲ್ಲ. ಆ ಅಜ್ಜ ಒಮ್ಮೆ ಹುಡುಗನ ಮಾರಿ ನೋಡಿದ, ಒಮ್ಮೆ ಬೈಕಿನವನ ಮಾರಿ ನೋಡಿದ, ಅವನಿಗೆ ಕೇರಳ ಗೊತ್ತಿಲ್ಲ, ಕಾಯ್ದೆ ಗೊತ್ತಿಲ್ಲ, ಆದ್ರ ಉತ್ತರ ಬಂದಿಲ್ಲ ಅನ್ನೂದು ತಿಳೀತು.

ನಿನ್ನ ಠರಾವು ಬೇಕಾಗಿದ್ದು ಆ ಹುಡುಗನಿಗೆ. 'ಹೌದಪಾ, ಅಲ್ಲಿ ಮಾಡಿದ್ದೂ ತಪ್ಪು, ನಾವು ಬರದು ಹೇಳೀವಿ, ಇಲ್ಲೈತಿ ನೋಡು' ಅಂತ ಒಂದು ಹಾಳಿ ತಗದು ತೋರ್ಸಿದ್ರ ಬೈಕಿನವ ಏನನ್ನಾಂವ? ಹಿರಿಯರು ಟೈಮ್ ಅಂತಾರಲ್ಲ, ಆ ಹುಡುಗನಿಗೆ ಟೈಮ್ ಯಾರು ಕೊಟ್ರು? ಪ್ರಶ್ನೆ ಬಂದಾಗ ಅಲ್ಲೇ ನಿಂತು ಉತ್ತರ ಕೊಡಬೇಕು ಅವ.

ಈಗ ಕೇರಳದ್ದು, ಯಾಕಂದ್ರ ಠರಾವಿನ್ಯಾಗ ಈ ಭಾಗ ನೀ ಭಾಳ ತೆಳ್ಳಗ ಬರದೀದಿ. 1994 ನವೆಂಬರ್ 25, ಕಣ್ಣೂರು ಜಿಲ್ಲೆ ಕೂತ್ತುಪರಂಬ. ಪರಿಯಾರಂ ಮೆಡಿಕಲ್ ಕಾಲೇಜು, ಸೆಲ್ಫ್ ಫೈನಾನ್ಸ್ ಕಾಲೇಜು ಅನ್ನೂ ಜಗಳದಾಗ ಮಂತ್ರಿ ಎಂ.ವಿ. ರಾಘವನ್‌ಗೆ ಕಪ್ಪು ಬಾವುಟ ತೋರ್ಸಾಕ ಹೋದ ಡಿವೈಎಫ್‌ಐ, ಅಂದ್ರ ಸಿಪಿಎಂ ಪಾರ್ಟಿ ಜೋಡಿಯ ಯುವ ಸಂಘಟನೆ, ಅದರ ಹುಡುಗರ ಮ್ಯಾಲ ಪೊಲೀಸರು ಗುಂಡು ಹಾರ್ಸಿದ್ರು, ಐದು ಮಂದಿ ಸತ್ರು. ಆ ರಾಘವನ್ನೂ ಒಂದ್ ಕಾಲಕ್ಕ ಅದೇ ಪಾರ್ಟಿಯ ದೊಡ್ಡ ಲೀಡರ್, ಭಿನ್ನಮತ ಮಾಡಿದ್ದಕ್ಕ ಹೊರಗ ಹಾಕಿದ್ರು, ಅದೊಂದು ಬ್ಯಾರೆ ಕತಿ. ಬೆನ್ನುಹುರಿಗೆ ಗುಂಡು ಬಿದ್ದ ಪುಷ್ಪನ್ ಹತ್ತಹತ್ರ 30 ವರ್ಷ ಹಾಸಿಗಿ ಹಿಡದು 2024ರ ಸೆಪ್ಟೆಂಬರ್‌ನ್ಯಾಗ ತೀರಿಕೊಂಡ. ಅಲ್ಲಿ ಪಾರ್ಟಿ ಮಂದಿ ಅವನ್ನ 'ಜೀವಂತ ಹುತಾತ್ಮ' ಅಂತಿದ್ರು. ಅವ ಹೋಗಿ ವರ್ಷ ತುಂಬೂದ್ರಾಗ, 2025ರ ಮಾರ್ಚ್‌ನ್ಯಾಗ, ಅದೇ ಪಾರ್ಟಿ ಸರ್ಕಾರ ಖಾಸಗಿ ಯೂನಿವರ್ಸಿಟಿ ಬಿಲ್ ಪಾಸ್ ಮಾಡ್ತು. ಇದನ್ನ ಟೈಪ್ ಮಾಡಾಕತ್ರ ನನಗ ಕೈ ಓಡೂದಿಲ್ಲ ನೋಡು.

ನಡುವ 2016ರ ಜನವರಿ. ಆವಾಗ ಅಲ್ಲಿ ಕಾಂಗ್ರೆಸ್ ಮುಂದಾಳತ್ವದ ಸರ್ಕಾರ, ಕೋವಳಂನ್ಯಾಗ ಗ್ಲೋಬಲ್ ಎಜುಕೇಷನ್ ಮೀಟ್. ಖಾಸಗಿ, ವಿದೇಶಿ ಅಂತ ಯೂನಿವರ್ಸಿಟಿ ತರಾಕತ್ತಾರ ಅಂತ ಸಿಪಿಎಂ ಜೋಡಿಯ ವಿದ್ಯಾರ್ಥಿ ಸಂಘಟನೆ ಎಸ್‌ಎಫ್‌ಐ ಪ್ರತಿಭಟನೆ ಮಾಡ್ತು, ಆ ಗದ್ದಲದಾಗ ಒಬ್ಬ ಕಾರ್ಯಕರ್ತ ಮಾಜಿ ರಾಯಭಾರಿ ಟಿ.ಪಿ. ಶ್ರೀನಿವಾಸನ್ ಅವರ ಕಪಾಳಕ್ಕ ಹೊಡದ. ಹೊಡದಿದ್ದು ಅಸಹ್ಯ, ಅದ್ರಾಗ ಎರಡು ಮಾತಿಲ್ಲ. ಎಂಟು ವರ್ಷದ ಮ್ಯಾಲ, 2024ರ ಬಜೆಟ್‌ನ್ಯಾಗ, ಎಡರಂಗದ ಹಣಕಾಸು ಮಂತ್ರಿ ಬಾಲಗೋಪಾಲ್ ಅವರೇ ಖಾಸಗಿ ಯೂನಿವರ್ಸಿಟಿ ತರೂಣು, ವಿದೇಶಿ ಯೂನಿವರ್ಸಿಟಿನೂ ನೋಡೂಣು ಅಂದ್ರು. ಆವಾಗ ಎಸ್‌ಎಫ್‌ಐನವರು ಸುಮ್ಮನ ಕುಂಡರಲಿಲ್ಲ, ವಿದೇಶಿದು ನಾವು ಒಪ್ಪೂದಿಲ್ಲ ಅಂತ ಬಾಯಿಬಿಟ್ಟು ಹೇಳಿದ್ರು. ಆದ್ರ ಖಾಸಗಿ ಬಿಲ್ ಬಂದಾಗ ದನಿ ಇಳೀತು, ಬ್ಯಾಡ ಅಂತಿದ್ದವರು 'ಸಾಮಾಜಿಕ ನಿಯಂತ್ರಣ ಇರಬೇಕು' ಅನ್ನೂದಕ್ಕ ಬಂದ್ರು.

ಅಲ್ಲಿನ ಸರ್ಕಾರದ ವಾದಾನೂ ಬರಿ, ಬರೀದಿದ್ರ ನಿನ್ನ ಠರಾವು ಬರೇ ಬೈಗುಳ ಆಗ್ತೈತಿ. ನಮ್ಮ ಕರ್ನಾಟಕದಾಗ ಖಾಸಗಿ ಯೂನಿವರ್ಸಿಟಿ ಎಷ್ಟೋ ವರ್ಷದಿಂದ ಅದಾವ, ಕೇರಳದ ಹುಡುಗ್ರು ಅಲ್ಲಿಂದ ಬೆಂಗಳೂರು, ಮಂಗಳೂರು ಅಂತ ಬಂದು ಲಕ್ಷಗಟ್ಲೆ ಫೀ ಇಲ್ಲಿ ಕಟ್ತಾರ, ಇಲ್ಲಾಂದ್ರ ಫಾರಿನ್‌ಗೆ ಹೊಂಡ್ತಾರ, ಆ ರೊಕ್ಕ, ಆ ಹುಡುಗ್ರು ಕೇರಳದಾಗೇ ಇರಲಿ ಅಂತಾರ ಅವರು. ಸೀಟಿನ್ಯಾಗ ಶೇಕಡಾ 40 ಕೇರಳದವರಿಗೇ ಅಂತ ಕಾಯ್ದೆಯೊಳಗ ಇಟ್ಟಾರ, ಅದ್ರಾಗ ಮೀಸಲಾತಿನೂ ಐತಿ. ಪೂರಾ ಹುಸಿ ವಾದ ಅಲ್ಲ ಅದು. ಕೇಂದ್ರ ರೊಕ್ಕ ಕೊಡೂದಿಲ್ಲ, ರಾಜ್ಯದ ಖಜಾನಿ ಖಾಲಿ, ಮಾಡೂದೇನು ಅಂತ ಕೇಳಿದ್ರ ನನ್ನ ಹತ್ರಾನೂ ಪಟ್ ಅಂತ ಉತ್ತರ ಇಲ್ಲ. ಆದ್ರ ಅದೇ ವಾದ ನಮ್ಮ ಸರ್ಕಾರ ವಿಜಯಪುರದಾಗ ಹೇಳಿದ್ರ ನಾವು ಪೆಂಡಾಲ್ ಹಾಕ್ತೀವಿ. ರೊಕ್ಕ ಇಲ್ಲ, ಖಾಸಗಿಯವರು ಬಂದ್ರ ಲಗೂ ಆಗ್ತೈತಿ, ಸೀಟ್ ಮಂದಿಗೇ ಸಿಗ್ತಾವ. ಪಿಪಿಪಿ ಮಾಡಾವರೂ ಇದನ್ನೇ ಹೇಳೂದು! ಒಂದ್ ಕಡೆ ಒಪ್ಪಿ ಇನ್ನೊಂದ್ ಕಡೆ ಧರಣಿ ಕುಂತ್ರ ಮಂದಿ ನಗ್ತಾರ.

ಬಿಡಬ್ಯಾಡ ಅಂದೆ ಅಲ್ಲ, ಅದಕ್ಕ ದಿಲ್ಲಿ ಕತಿ ಐತಿ. ನಿಮ್ಮ ಬ್ಯಾಚಿನವರಿಗೆ ಇದು ಅಷ್ಟು ಗೊತ್ತಿರೂದಿಲ್ಲ. 2012ರ ರಾಷ್ಟ್ರಪತಿ ಚುನಾವಣಿ. ಕಾಂಗ್ರೆಸ್ಸಿಂದ ಪ್ರಣಬ್ ಮುಖರ್ಜಿ ನಿಂತ್ರು, ಅಲ್ಲೀತನಕ ಯುಪಿಎದ ಹಣಕಾಸು ಮಂತ್ರಿ ಇದ್ದವರು, ಯಾವ ಆರ್ಥಿಕ ನೀತಿ ವಿರುದ್ಧ ಎಡದವರು ದಿನಾ ಘೋಷಣೆ ಕೂಗ್ತಿದ್ರೋ ಅದನ್ನ ನಡಸಿದ ಮನಷ್ಯಾ. ಸಿಪಿಎಂ ಅವರಿಗೆ ಬೆಂಬಲ ಅಂತು. ಇನ್ನೊಂದು ಎಡ ಪಾರ್ಟಿ ಫಾರ್ವರ್ಡ್ ಬ್ಲಾಕೂ ಹೂಂ ಅಂತು. ಎಡದವೇ ಆದ ಸಿಪಿಐ, ಆರ್‌ಎಸ್‌ಪಿ ಮಾತ್ರ ನಾವು ಓಟೇ ಹಾಕೂದಿಲ್ಲ ಅಂದ್ರು. ಅಂದ್ರ ಎಡದೊಳಗೇ ಒಮ್ಮತ ಇರಲಿಲ್ಲ. ಸಿಪಿಎಂ ಸಂಶೋಧನಾ ವಿಭಾಗ ನೋಡ್ಕೋತಿದ್ದ ಪ್ರಸೇನಜಿತ್ ಬೋಸ್, ಒಂದ್ ಕಾಲದ ಜೆಎನ್‌ಯು ಎಸ್‌ಎಫ್‌ಐ ಲೀಡರ್, ರಾಜೀನಾಮೆ ಬರದು ಕೊಟ್ರ ಪಾರ್ಟಿ ಅದನ್ನ ಒಪ್ಪಿಕೊಳ್ಳಲಿಲ್ಲ, ಉಚ್ಚಾಟನೆ ಮಾಡ್ತು. ನೋಡು, ಹೋಗ್ತೀನಿ ಅಂದವನ್ನೂ ಹಂಗ ಬಿಡೂದಿಲ್ಲ, ನಾವೇ ಹಾಕಿದ್ವಿ ಅನ್ನಬೇಕು!

ಎಸ್‌ಎಫ್‌ಐ ಜೆಎನ್‌ಯು ಯೂನಿಟ್ ಹುಡುಗ್ರು ಠರಾವು ಮಾಡಿದ್ರು, ಪ್ರಣಬ್‌ಗೆ ಬೆಂಬಲ ಕೊಟ್ಟಿದ್ದು ತಪ್ಪು ಅಂತ. ಚೀಲದಾಗ ಇಡಲಿಲ್ಲ, ಹೊರಗ ಹೇಳಿದ್ರು. ಜುಲೈದಾಗ ಎಸ್‌ಎಫ್‌ಐ ದಿಲ್ಲಿ ರಾಜ್ಯ ಸಮಿತಿ ಆ ಯೂನಿಟ್ಟೇ ಬರಖಾಸ್ತ್ ಮಾಡ್ತು. ಆದ್ರ ಅವರು ಮನಿಗೆ ಹೋಗಲಿಲ್ಲ, ನಾವೇ ಎಸ್‌ಎಫ್‌ಐ-ಜೆಎನ್‌ಯು ಅಂತ ನಿಂತ್ರು. ಅದೇ ವರ್ಷ ಮಾರ್ಚ್‌ನ್ಯಾಗ, ಸುಪ್ರೀಂ ಕೋರ್ಟ್ ತಡೆಯಿಂದ ವರ್ಷಗಟ್ಲೆ ನಿಂತು, ತಡೆ ತೆರವಾದ ಮ್ಯಾಲ ಅಲ್ಲಿ ನಡೆದ ವಿದ್ಯಾರ್ಥಿ ಸಂಘದ ಚುನಾವಣಿಯೊಳಗ, ನಾಲ್ಕೂ ದೊಡ್ಡ ಹುದ್ದೆ ಇನ್ನೊಂದು ಎಡ ವಿದ್ಯಾರ್ಥಿ ಸಂಘಟನೆ ಐಸಾ ಹೊಡಕೊಂಡು ಹೋಗಿತ್ತು, ಎಸ್‌ಎಫ್‌ಐಗೆ ಒಂದೂ ಸಿಕ್ಕಿದ್ದಿಲ್ಲ. ಸೆಪ್ಟೆಂಬರ್‌ನ್ಯಾಗ ಮತ್ತ ಚುನಾವಣಿ ಆತು, ಬರಖಾಸ್ತ್ ಆದ ಗುಂಪಿನ ವಿ. ಲೆನಿನ್ ಕುಮಾರ್ ಅಧ್ಯಕ್ಷ ಆದ. ಹೆಸರು ನೋಡು, ಲೆನಿನ್.

ಈ ಕತಿ ಇಲ್ಲಿಗೆ ಮುಗಿಸಿದ್ರ ನಿನಗ ಭಾಳ ಖುಷಿ ಆಗ್ತೈತಿ ಗೊತ್ತು. ಮುಂದೂ ಕೇಳು. ಹೊರಗ ಉಳದವರು ಡಿಎಸ್‌ಎಫ್ ಅಂತ ಹೆಸರು ಬದಲಿಸಿಕೊಂಡ್ರು, ಒಂದು ಕ್ಯಾಂಪಸ್ ದಾಟಿ ದೊಡ್ಡದಾಗಿ ಬೆಳೀಲಿಲ್ಲ. ಜಿಲ್ಲಾ ಆಫೀಸಿಲ್ಲ, ರೈತ ಸಂಘ ಇಲ್ಲ, ಕಾರ್ಮಿಕ ಸಂಘಟನೆ ಇಲ್ಲ, ಒಬ್ಬ ಹುಡುಗ ಅರೆಸ್ಟ್ ಆದ್ರ ಓಡಿ ಬರೂ ವಕೀಲ ಇಲ್ಲ. ಐದು ವರ್ಷದ ಮ್ಯಾಲ, 2017ರಾಗ, ಎಬಿವಿಪಿ ಎದುರಿಗೆ ಐಸಾ, ಎಸ್‌ಎಫ್‌ಐ, ಡಿಎಸ್‌ಎಫ್ ಮೂರೂ ಒಂದೇ ಪ್ಯಾನೆಲ್ ಹಾಕಿ ಗೆದ್ದವು. ಬರಖಾಸ್ತ್ ಮಾಡಿದವರು, ಮಾಡಿಸಿಕೊಂಡವರು ಒಂದೇ ಪೋಸ್ಟರ್‌ನ್ಯಾಗ! 2012ರ ಸಿಟ್ಟು ಎಲ್ಲಿ ಹೋತು ಅಂತ ಯಾರೂ ಕೇಳಲಿಲ್ಲ, ಕೇಳಿದ್ರೂ ಉಪಯೋಗ ಇರಲಿಲ್ಲ ಬಿಡು.

ಅದಕ್ಕ ಹೇಳೂದು, ನೀನಾಗಿ ಹೋಗಬ್ಯಾಡ. ಠರಾವು ಮಾಡು, ಹೊರಗ ಹೇಳು, ಅವರು ತಗದು ಹಾಕಿದ್ರ ಹಾಕಲಿ, ಆ ಹೊಣಿ ಅವರ ಮ್ಯಾಲ ಇರಲಿ. ಸುಮ್ಮನ ರಾಜೀನಾಮೆ ಕೊಟ್ರ 'ವೈಯಕ್ತಿಕ ಕಾರಣ' ಅಂತ ಒಂದು ಸಾಲು ಬರದು ನಿನ್ನ ಮುಗಿಸ್ತಾರ.

ಇನ್ನ ಒಳಗಿನ ವ್ಯವಸ್ಥೆ. ಸಂಘಟನೆಯ ಸಂವಿಧಾನದಾಗ ಅದು ಸ್ವತಂತ್ರ, ಪಾರ್ಟಿಯ ವಿದ್ಯಾರ್ಥಿ ಘಟಕ ಅಲ್ಲ. ಎಬಿವಿಪಿಯವರೂ ಬಿಜೆಪಿ ಬಗ್ಗೆ ಹಂಗೇ ಹೇಳ್ತಾರ, ನಾವು ಕೇಳಿ ನಗ್ತೀವಿ. ಮತ್ತ ನಮ್ಮಲ್ಲಿ? ಕಮಿಟಿ ಮೀಟಿಂಗ್ ಹತ್ತಕ್ಕ ಅಂದ್ರ ಅದ್ರಾಗ ಪಾರ್ಟಿ ಮೆಂಬರ್ ಇರಾವರಷ್ಟೇ ಒಂದು ಕಡೆ ಸೇರಿ ಫ್ರಾಕ್ಷನ್ ಮಾಡಿ ಏನಾಗಬೇಕು ಅಂತ ಮುಗಿಸಿಕೊಂಡು ಬಂದಿರ್ತಾರ, ಮೆಂಬರ್ ಅಲ್ಲದ ಹುಡುಗ, ಹಳ್ಳಿಯಿಂದ ನಸಿಕಿನ ಬಸ್ ಹಿಡದು ಬಂದಾಂವ, ಪಾಪ ತನ್ನ ಮಾತಿಗೆ ಬೆಲೆ ಐತಿ ಅಂತ ಕೈ ಎತ್ತಿ ಮಾತಾಡ್ತಾನ. ಪ್ರಜಾಸತ್ತಾತ್ಮಕ ಕೇಂದ್ರೀಕರಣ ಅಂದ್ರ ಮೊದಲ ಚರ್ಚಾ, ಆಮ್ಯಾಲ ಶಿಸ್ತು. ಪಾರ್ಟಿ ಮೆಂಬರ್‌ಗೆ ಆ ಶಿಸ್ತು ಇರಲಿ, ಕಾರ್ಡ್ ತಗೊಂಡಾಗ ಒಪ್ಪಿ ತಗೊಂಡಾನ. ಸಂಘಟನೆಗೆ ಮೆಂಬರ್‌ಶಿಪ್ ರಸೀದಿ ಹರಿಸಿದ ಹಾಸ್ಟೆಲ್ ಹುಡುಗ ಎಲ್ಲಿ ಒಪ್ಯಾನ? ಅವನಿಗೂ ಅದೇ ಹಗ್ಗ ಕಟ್ಟಿದ್ರ ಹೆಂಗ? ನಿಮ್ಮ ಮೀಟಿಂಗ್‌ನ್ಯಾಗ ನೀ ಕೇಳಬೇಕಾಗಿದ್ದು ಇದು ಅಂತ ನನಗ ಅನಸ್ತೈತಿ, ಟೈಮ್ ಬಗ್ಗೆ ವಾದ ಮಾಡಿಗೋತ ಕುಂಡ್ರೂದಲ್ಲ.

ಟೈಮ್ ಅಂತೂ ಎಂದೂ ಸರಿ ಇರೂದಿಲ್ಲಪಾ. ಇಲೆಕ್ಷನ್ ಮುಂದಿದ್ರ ವಿರೋಧಿಗಳಿಗೆ ಅನುಕೂಲ ಆಗ್ತೈತಿ, ಇಲೆಕ್ಷನ್ ಸೋತಿದ್ರ ಗಾಯದ ಮ್ಯಾಲ ಉಪ್ಪು, ಗೆದ್ದಿದ್ರ ಜನ ಒಪ್ಯಾರ ಇನ್ನೇನ್ ಮಾತು.

ಕೇರಳದಾಗೇ ಇನ್ನೊಂದು ಆತಲ್ಲ, 2025ರ ಅಕ್ಟೋಬರ್, ಪಿಎಂ ಶ್ರೀ ಅನ್ನೂ ಕೇಂದ್ರದ ಶಾಲಾ ಯೋಜನೆಯ ಒಪ್ಪಂದ. ಸರ್ಕಾರ ಕೇಂದ್ರದ ಜೋಡಿ ಸಹಿ ಹಾಕ್ತು, ಸರ್ಕಾರದೊಳಗೇ ಇದ್ದ ಸಿಪಿಐ 'ನಮ್ಮನ್ನ ಕೇಳಲೇ ಇಲ್ಲ' ಅಂತ ಮುನಿಸಿಕೊಂತು, ಅವರ ವಿದ್ಯಾರ್ಥಿ ಸಂಘಟನೆ ಎಐಎಸ್‌ಎಫ್, ಯುವ ಸಂಘಟನೆ ಎಐವೈಎಫ್ ಹುಡುಗ್ರು ತಮ್ಮದೇ ರಂಗದ ಸರ್ಕಾರದ ವಿರುದ್ಧ ಬೀದಿಗಿಳಿದ್ರು. ತಿಂಗಳು ಮುಗಿಯೂದ್ರಾಗ ಸರ್ಕಾರ ಅದನ್ನ ಸದ್ಯಕ್ಕ ತಡೀತೀವಿ, ಮಂತ್ರಿಗಳ ಉಪಸಮಿತಿ ನೋಡ್ತೈತಿ ಅಂತು. ಇದನ್ನ ಠರಾವಿನ್ಯಾಗ ಉದಾಹರಣೆ ಕೊಡು, ಆದ್ರ ಹುಷಾರಾಗಿ ಕೊಡು, ಯಾಕಂದ್ರ ಅಲ್ಲಿ ಹುಡುಗರ ಹಿಂದ ಅವರ ಪಾರ್ಟಿನೇ ನಿಂತಿತ್ತು. ನಿನ್ನ ಹಿಂದ ಯಾರೂ ಇಲ್ಲ. ಆದ್ರೂ ಒಂದು ಖರೇ, ರಂಗ ಒಡೀಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ.

ಈಗ ಕೆಲಸದ ಮಾತು. ಮೊದಲ ಪ್ಯಾರಾ ತಗದ ಹಾಕು, ಸಾಮ್ರಾಜ್ಯಶಾಹಿಯಿಂದ ಶುರು ಮಾಡಿ ಕೇರಳಕ್ಕ ಬರೂದ್ರಾಗ ಓದಾವ ನಿದ್ದಿ ಹೊಡೀತಾನ. ಕೂತ್ತುಪರಂಬದಿಂದ ಶುರು ಮಾಡು. ಎರಡನೇದ್ದು, 'ದ್ರೋಹ' ಅಂತ ಬರದೀದಿ, ಅದನ್ನ ಹೊಡದು ಹಾಕು, ಅದೊಂದ ಹಿಡಕೊಂಡು ಉಳದಿದ್ದಕ್ಕೆಲ್ಲಾ ಉತ್ತರ ಕೊಡೂದು ತಪ್ಪಿಸಿಕೋತಾರ. ಶೇಕಡಾ 40ರ ವಾದ ಹಾಕಿ ಅದಕ್ಕ ಉತ್ತರ ಬರಿ, ಫೀ ಯಾರು ಗೊತ್ತು ಮಾಡ್ತಾರ ಅನ್ನೂದು ಕೇಳು, ಅಲ್ಲೇ ಐತಿ ಗಂಟು. ಕಡೀಕ ವಿಜಯಪುರದ್ದು ಒಂದು ಪ್ಯಾರಾ ಬರಬೇಕು, ಕೇರಳದ ಕಾಯ್ದೆ ಬಗ್ಗೆ ಬೆಳಗಾವಿ ಹುಡುಗ್ರಿಗೆ ಏನ್ ಸಂಬಂಧ ಅಂತ ಕೇಳ್ತಾರಲ್ಲ, ಅವರಿಗೆ. ಮೀಟಿಂಗ್‌ನ್ಯಾಗ 'ಸುದೀರ್ಘ ಚರ್ಚೆ' ಅಂತ ಬರ್ಯಾಕ ಬಿಡಬ್ಯಾಡ, ಕೈ ಎತ್ತಿಸು, ಪರ ಎಷ್ಟು, ವಿರುದ್ಧ ಎಷ್ಟು ಅಂತ ಬುಕ್ಕಿನ್ಯಾಗ ಅಂಕಿ ಬರಸು. ಸೋತ್ರೂ ಅಂಕಿ ಉಳೀತೈತಿ, ಮುಂದಿನ ವರ್ಷ ಬರೂ ಹುಡುಗ್ರು ಬುಕ್ ತಗದು ನೋಡ್ತಾರ.

ತಿದ್ದಿದ ಮ್ಯಾಲ ನನಗ ಕಳಸು, ಟೈಪ್ ಮಾಡಿ ಕೊಡ್ತೀನಿ, ನಿನ್ನ ಕಾಗುಣಿತದ ಮ್ಯಾಲ ನನಗ ಭರವಸಿ ಇಲ್ಲ. ಅವ್ವಗ ಕೇಳಿದೆ ಅಂತ ಹೇಳು. ಈ ಸಲ ಬರೂವಾಗ ಕುಂದಾ ಒಂದು ಕಿಲೋ ಆದ್ರೂ ತಗೊಂಡ ಬಾ, ಹೋದ ಸಲ ತಂದಿದ್ದು ಬಾಗಲದಾಗೇ ಮುಗೀತು.

ನಿನ್ನ
ವಿಜಯಪುರದ ದೋಸ್ತ