ಆನೆಗುಂದಿ ಮಣ್ಣಿನ ಗ್ವಾಡಿಗೆ ಸಿಮೆಂಟ್ ಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ,

ಆನೆಗುಂದಿ ಅಂದ್ರ ಪೇಪರ್‌ನಾಗ ಬರೋದು ಅಂಜನಾದ್ರಿ ರಷ್, ನವಬೃಂದಾವನ, ಇಲ್ಲಾಂದ್ರ ಉತ್ಸವ, ಅಷ್ಟ. ನಾ ಬರಿಯಾಕ ಹತ್ತಿದ್ದು ಊರೊಳಗಿನ ಮನಿಗಳ ಬಗ್ಗೆ. ಗಗನ ಮಹಲ್‌ಗೆ, ಹೊಳಿ ದಂಡಿ ಹುಚ್ಚಪ್ಪಯ್ಯನ ಮಠಕ್ಕ ಬಂದೋರು ಆ ಕರಿಕಲ್ಲಿನ ಕಂಬದ ಮುಂದ ಫೋಟೋ ತಗೊಂಡು ಹೋಗ್ತಾರ, ನಡುವಿನ ಓಣ್ಯಾಗ ಕಟ್ಟಿಗಿ ಕಂಬದ ಪಡಸಾಲಿ, ಮುಂದ ಕಟ್ಟಿ, ಮ್ಯಾಲ ಬೆಳಕಿಂಡಿ ಇರೋ ಮಾಳಗಿ (ಮಣ್ಣು ಹಾಕಿದ ಸಪಾಟು ಮಾಡು) ಮನಿ ಕಡೆ ಯಾರೂ ನೋಡಂಗಿಲ್ಲ. ವಿಜಯನಗರ ಹುಟ್ಟಿದ 1336ಕ್ಕೂ ಮೊದಲಿನ ಊರ್ರಿ ಇದು, ಬರೇ ಕಲ್ಲಿನ ಗುಡಿಯಿಂದ ಊರಾಗಿಲ್ಲ.

ನಮ್ಮದೂ ಅಂಥದ ಒಂದು ಮನಿ. ಮೂರು ವರ್ಷದ ಹಿಂದ ಗ್ವಾಡಿ ಮಣ್ಣು ಉದುರ್ತೈತಿ ಅಂತ ಒಬ್ಬ ಮೇಸ್ತ್ರಿನ ಕರದ್ವಿ, ಅವ ಸಿಮೆಂಟ್ ಪ್ಲಾಸ್ಟರ್ ಹೊಡದ್ರ ಐವತ್ತು ವರ್ಷ ಚಿಂತಿ ಇಲ್ಲ ಅಂದ, ನಾವೂ ಹೂಂ ಅಂದ್ವಿ, ತಪ್ಪು ನಮ್ದೂ ಐತಿ. ಮಣ್ಣಿನ ಗ್ವಾಡಿ ಬುಡದಿಂದ ತ್ಯಾವ ಎಳಕೊಂತೈತಿ, ಆಮ್ಯಾಲ ಬಿಸಲಿಗೆ ಬಿಡತೈತಿ, ಸುಣ್ಣದ ಗಾರಿ ಇದ್ರ ಅದಕ್ಕ ಅಡ್ಡಿಲ್ಲ, ಸಿಮೆಂಟ್ ಹೊಡದ್ರ ಹಾದಿ ಬಂದ್. ಹೊರಗ ನೋಡಿದ್ರ ನುಣ್ಣಗ, ಬೆರಳಿಲೆ ಬಡದ್ರ ಡಬ್ ಡಬ್ ಅಂತಿತ್ತು. ಹೋದ ಮಳಿಗಾಲದಾಗ ಒಂದು ರಾತ್ರಿ ಹಿತ್ತಲ ಗ್ವಾಡಿ ಕುಂತ ಬಿಡ್ತು. ಬೆಳಿಗ್ಗೆ ನೋಡಿದ್ರ ಪ್ಲಾಸ್ಟರ್ ಹಪ್ಪಳದಂಗ ಚಕ್ಕಿ ಚಕ್ಕಿಯಾಗಿ ಬಿದ್ದೈತಿ, ಒಳಗಿನ ಮಣ್ಣು ಕಲಸಿದ ಹಿಟ್ಟಿನಂಗ ಆಗೈತಿ, ತೊಲಿ ತುದಿನ ಗೆದ್ದಲು ತಿಂದಾವ. ಪುಣ್ಯಕ್ಕ ಅಲ್ಲಿ ಯಾರೂ ಮಲಗಿದ್ದಿಲ್ಲ.

ಮಾಳಗಿದೂ ಇದ ಕತಿ. ಮೊದಲ, ಮಿರಗ (ಮೃಗಶಿರಾ ಮಳಿ) ಕೂಡೋದ್ರಾಗ ಸವಳು ಮಣ್ಣು ತಂದು ಮ್ಯಾಲ ಹಾಕಿ ಬಡದು ಬಿಟ್ರ ಸೋರ್ತಿದ್ದಿಲ್ಲ, ಒಳಗ ತಂಪು, ನಮ್ಮ ಕಡೆ ಬ್ಯಾಸಗಿ ಬಿಸಲು ನಿಮಗೂ ಗೊತ್ತೈತಲ್ರಿ. ಈಗ ಆ ಕೆಲಸ ಬಲ್ಲೋರು ಮುದುಕರಾಗ್ಯಾರ, ಹುಡುಗರು ಗಂಗಾವತಿಗೆ ಸೆಂಟ್ರಿಂಗ್ ಕೆಲಸಕ್ಕ ಹೋಗ್ತಾರ, ಅವರದು ತಪ್ಪಲ್ಲ, ಅಲ್ಲಿ ದಿನಾ ಕೂಲಿ ಸಿಗತೈತಿ.

1986ರಾಗ ಹೊಳಿ ಆಚೆ ದಂಡಿ ಹಂಪಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರ್ತು, 1999ರಾಗ ಅಪಾಯದ ಪಟ್ಟಿಗೂ ಹೋಗಿ 2006ಕ್ಕ ಹೊರಗ ಬಂತು, ನಮ್ಮೂರ ಹತ್ರ ತುಂಗಭದ್ರಾ ಹೊಳಿ ಮ್ಯಾಲಿನ ಸೇತುವೆ ಸಲುವಾಗಿ ಎಷ್ಟು ವರ್ಷ ಗದ್ದಲ ಆತು, ಕಡಿಗೆ 2009ರಾಗ ಅದು ಕಟ್ಟೋ ಹೊತ್ತಿನಾಗ ಕುಸದು ಜೀವಗಳೂ ಹೋದ್ವು. ಅಷ್ಟು ಚರ್ಚೆಯೊಳಗ ನಮ್ಮ ಮನಿ ಗ್ವಾಡಿ ಬಗ್ಗೆ ಒಂದು ಮಾತು ಬಂದಿದ್ದು ನಾ ಕೇಳಿಲ್ಲ. ಕಿಷ್ಕಿಂದಾ ಟ್ರಸ್ಟ್ ಅನ್ನೋ ಸಂಸ್ಥೆಯೋರು ಒಂದಷ್ಟು ಹಳೇ ಮನಿ ರಿಪೇರಿ ಮಾಡ್ಯಾರ, ಛಲೋ ಅದಾವ, ಹೋಗಿ ನೋಡ್ರಿ. ಆದ್ರ ದಿನಾ ಸಂಸಾರ ಮಾಡೋ ಮನಿಯೋರು ಏನ್ ಮಾಡ್ಬೇಕು?

ಹಳೇದು ಕೆಡವಬ್ಯಾಡ್ರಿ ಅಂತ ಬೋರ್ಡ್ ಹಾಕೋದು ಸುಲಭ. ಅದರ ಬದ್ಲಿ ಊರಾಗ ಒಂದು ಸುಣ್ಣ ಅರಿಯೋ ಗಾಣ ಮಾಡ್ರಿ, ಗೊತ್ತಿದ್ದ ಹಿರೇರಿಗೆ ಕೂಲಿ ಕೊಟ್ಟು ನಾಕು ಹುಡುಗರಿಗೆ ಕಲಿಸ್ರಿ, ಮಣ್ಣಿನ ಮನಿ ರಿಪೇರಿಗೂ ಸಬ್ಸಿಡಿ ಕೊಡ್ರಿ, ಆರ್‌ಸಿಸಿಗೆ ಅಷ್ಟ ಅಲ್ಲ. 

ನಮ್ಮ ಹಿತ್ತಲ ಗ್ವಾಡಿಗೆ ಈಗ ತಾಡಪತ್ರಿ ಕಟ್ಟೀವಿ. ಮಿರಗಕ್ಕ ಮೊದಲ ಏರಿಸಬೇಕು, ಮಣ್ಣಿನ ಕೆಲಸ ಬಲ್ಲ ಮೇಸ್ತ್ರಿ ಯಾರರ ಇದ್ರ ಪತ್ರಿಕಿಯಾಗ ಬರೀರಿ, ನಾ ದಿನಾ ನೋಡ್ತೀನಿ.

– ಒಬ್ಬ ಓದುಗ, ಆನೆಗುಂದಿ, ಕೊಪ್ಪಳ ಜಿಲ್ಲೆ