ಬೆಲ್ಟ್ ಇದ್ದರೆ ಸಾಲದು, ಕೊಕ್ಕೆ ಎಲ್ಲಿದೆ?

ಮಾನ್ಯರೇ,

ಎತ್ತರದಲ್ಲಿ ದುಡಿಯುವವರಿಗೆ ಸೇಫ್ಟಿ ಬೆಲ್ಟ್ (ಹೆಗಲು, ತೊಡೆಗೂ ಪಟ್ಟಿಯಿರುವ ಮೈಪಟ್ಟಿ) ಹಂಚಿದರೆ ಹೊಣೆ ಮುಗಿಯಿತು ಎಂದುಕೊಳ್ಳುವ ಗುತ್ತಿಗೆದಾರರೇ ಹೆಚ್ಚು. ಅದರ ಹಗ್ಗದ ತುದಿಯ ಕೊಕ್ಕೆಯನ್ನು ಯಾವುದಕ್ಕೆ ಸಿಕ್ಕಿಸಬೇಕು ಎಂದು ಹೇಳಿಕೊಡುವವರು ಕಡಿಮೆ. ನೀರಿನ ಪೈಪು, ಕೇಬಲ್ ಟ್ರೇ, ಕೈಕಂಬಿ ಇವೆಲ್ಲ ನೋಡಲು ಗಟ್ಟಿ, ಅಷ್ಟೇ. ಎಂಜಿನಿಯರ್ ಲೆಕ್ಕ ಹಾಕಿ ಕೊಡದ ಕಡೆ, ಒಬ್ಬ ಕೆಲಸಗಾರನ ಆಧಾರಬಿಂದು (ಕೊಕ್ಕೆ ಸಿಕ್ಕಿಸುವ ಜಾಗ) ಸುಮಾರು 22 ಕಿಲೋನ್ಯೂಟನ್, ಅಂದರೆ ಎರಡು ಟನ್ನಿಗೂ ಹೆಚ್ಚಿನ ಸೆಳೆತ ತಾಳಬೇಕು.

ಇನ್ನು ಬೀಳುವ ದೂರ. ಹಗ್ಗ 1.8 ಮೀಟರ್, ಆಘಾತ ತಡೆಯುವ ಪಟ್ಟಿ ಬಿಚ್ಚಿಕೊಂಡರೆ ಮತ್ತೆ ಒಂದು ಮೀಟರಿಗೂ ಮಿಕ್ಕಿ, ಬೆನ್ನಿನ ಉಂಗುರದಿಂದ ಪಾದದವರೆಗೆ 1.5, ಸುರಕ್ಷತೆಗೆಂದು ಬಿಡುವ ಹೆಚ್ಚುವರಿ ಜಾಗ ಸುಮಾರು 1. ಕೊಕ್ಕೆಯಿಂದ ನೆಲಕ್ಕೆ ಐದು ಮೀಟರಿಗೂ ಹೆಚ್ಚು ಜಾಗ ಬೇಕಾಯಿತು! ಮೂರು ಮೀಟರ್ ಎತ್ತರದ ಚಾವಣಿಯಲ್ಲಿ ಬೆನ್ನಿನ ಮಟ್ಟಕ್ಕೆ ಸಿಕ್ಕಿಸಿಕೊಂಡವನು ಬೆಲ್ಟ್ ಇದ್ದೂ ನೆಲಕ್ಕೆ ಬಡಿಯಬಹುದು. ಕಾಲಬುಡಕ್ಕೆ ಸಿಕ್ಕಿಸಿದರಂತೂ ಬೀಳುವ ದೂರವೂ ಏಟೂ ಇನ್ನಷ್ಟು ಹೆಚ್ಚು. ಆಧಾರ ತಲೆಯ ಮೇಲೆ, ನೇರಕ್ಕೆ ಇರಬೇಕು. ಪಕ್ಕಕ್ಕಿದ್ದರೆ ಲೋಲಕದಂತೆ ತೂಗಿ ಗೋಡೆಗೆ ಅಪ್ಪಳಿಸಬಹುದು.

ತರಬೇತಿಯಲ್ಲಿ ಇದನ್ನು ಅಳತೆಪಟ್ಟಿ ಹಿಡಿದು ತೋರಿಸಬೇಕು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರಾಗದು. ಒಮ್ಮೆ ಬಿದ್ದವನನ್ನು ತಡೆದ ಬೆಲ್ಟ್, ಹಗ್ಗ ಮತ್ತೆ ಬಳಕೆಗಲ್ಲ. ತೂಗಾಡುವವನನ್ನು ಕೆಲವೇ ನಿಮಿಷಗಳಲ್ಲಿ ಇಳಿಸುವ ಏರ್ಪಾಟೂ ಕೆಲಸ ಶುರುವಾಗುವ ಮೊದಲೇ ಇರಬೇಕು. ತೊಡೆಪಟ್ಟಿ ಬಿಗಿದು ಕಾಲಿನಲ್ಲೇ ರಕ್ತ ನಿಂತರೆ ಪ್ರಜ್ಞೆ ತಪ್ಪುತ್ತದೆ.