ನೋಟಿಸನ್ನು ನೋಟಿಸ್ ಬೋರ್ಡಿಗೂ ಹಾಕಿ

ಮಾನ್ಯ ಸಂಪಾದಕರೇ,

ವಿದ್ಯಾರ್ಥಿಗಳು ಮೊಬೈಲ್ ಚಟ ಬಿಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಬಿಡೋಕೆ ಹೊರಟವರಿಗೆ ಕಾಲೇಜುಗಳೇ ಅಡ್ಡ ನಿಂತಿರುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಾನು ಧಾರವಾಡದಲ್ಲಿ ಬಿ.ಎಸ್‌ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಇನ್‌ಸ್ಟಾಗ್ರಾಂ ತೆಗೆದುಹಾಕಿ ವರ್ಷದ ಮೇಲಾಯಿತು. ಪಾಠ ಮೊದಲಿಗಿಂತ ಚೆನ್ನಾಗಿ ತಲೆಗೆ ಹೋಗುತ್ತಿದೆ. ಆದರೆ ಇಂಟರ್ನಲ್ಸ್ ದಿನಾಂಕ ಬದಲಾದದ್ದು, ಲ್ಯಾಬ್ ಬ್ಯಾಚ್ ಅದಲುಬದಲಾದದ್ದು, ಸ್ಕಾಲರ್‌ಶಿಪ್ ಅರ್ಜಿಗೆ ಕೊನೆಯ ದಿನ ಯಾವುದು ಅನ್ನುವುದು, ಎಲ್ಲವೂ ಬರುವುದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ, ಇಲ್ಲವೇ ಕಾಲೇಜಿನ ಇನ್‌ಸ್ಟಾ ಪೇಜಿನಲ್ಲಿ. ರಾತ್ರಿ ಹತ್ತೂವರೆಗೆ ಒಂದು ಪಿಡಿಎಫ್ ಬೀಳುತ್ತದೆ. ಬೆಳಗ್ಗೆ ಕೇಳಿದರೆ 'ನಿನ್ನೆಯೇ ಹಾಕಿದ್ದೆವಲ್ಲ, ನೋಡಿಲ್ವಾ' ಅಂತಾರೆ. ಆಫೀಸಿನ ಪಕ್ಕದ ಗಾಜಿನ ಬೋರ್ಡಿನಲ್ಲಿ ಹೋದ ವರ್ಷದ ಫೀ ಪಟ್ಟಿ ತುಕ್ಕು ಹಿಡಿದ ಪಿನ್ನಿಗೆ ಇನ್ನೂ ನೇತಾಡುತ್ತಿದೆ.

ಒಂದು ನೋಟಿಸ್ ನೋಡೋಕೆ ಫೋನ್ ತೆಗೆದವರು ಅಷ್ಟಕ್ಕೇ ನಿಲ್ಲಿಸಲಿ ಅನ್ನುವುದು ಸುಲಭ. ಆ ಆ್ಯಪ್‌ಗಳನ್ನು ಕಟ್ಟಿರುವುದೇ ನಿಲ್ಲಿಸದ ಹಾಗೆ, ಅಲ್ವಾ? ಬೆರಳು ಎಳೆದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಅಮೆರಿಕದ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಮುಂದೆ ತಾನೇ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ನಮ್ಮ ಬ್ಯಾಚಿನವರಿಗಂತೂ ಫೋನ್ ಕೈಗೆ ಬಂದ ಹೊತ್ತೇ ಸರಿಯಿರಲಿಲ್ಲ. 2020ರಲ್ಲಿ ಲಾಕ್‌ಡೌನ್, ಆನ್‌ಲೈನ್ ಕ್ಲಾಸ್ ಅಂತ ಮನೆಯವರು ಸಾಲ ಮಾಡಿ ಫೋನ್ ಕೊಡಿಸಿದರು. ಅದೇ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಜುಲೈನಲ್ಲೇ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಬಂತು. ಕ್ಲಾಸ್ ಮತ್ತೆ ಶಾಲೆಗೆ ಹೋಯಿತು, ಫೋನ್ ಕೈಯಲ್ಲೇ ಉಳಿಯಿತು.

ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಸದ್ದು ಅಡಗಿಸಿ ಮೇಜಿನ ಮೇಲೆ ಸುಮ್ನೆ ಮಗುಚಿಟ್ಟ ಫೋನ್ ಕೂಡ ಗಮನ ತಿನ್ನುತ್ತದೆ, ಅದನ್ನು ಬೇರೆ ಕೋಣೆಯಲ್ಲಿ ಇಟ್ಟುಬಂದವರು ಪರೀಕ್ಷೆ ಚೆನ್ನಾಗಿ ಮಾಡಿದರು ಅನ್ನುವುದು ಅದರ ಸಾರ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ವಾದಿಸುವುದಿಲ್ಲ. ನನ್ನ ಮಟ್ಟಿಗೆ ನಿಜ. ಕೆಮಿಸ್ಟ್ರಿಯಲ್ಲಿ ಒಂದು ಆರ್ಗಾನಿಕ್ ರಿಯಾಕ್ಷನ್ನಿನ ಮೆಕ್ಯಾನಿಸಂ, ಅಂದರೆ ಅದು ಹಂತಹಂತವಾಗಿ ನಡೆಯುವ ಬಗೆ, ಅರ್ಥವಾಗಬೇಕಾದರೆ ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಬಾಣ ಎಳೆಯುತ್ತಾ, ತಪ್ಪಿದರೆ ಅಳಿಸುತ್ತಾ ಅರ್ಧ ಗಂಟೆ ಅಲ್ಲೇ ಕೂರಬೇಕು, ಮಧ್ಯೆ ಒಂದು ಸಲ ಫೋನ್ ಬೆಳಗಿದರೆ ಮತ್ತೆ ಮೊದಲಿನಿಂದ ಶುರು.

ಓದಿಗಿಂತ ಜಾಸ್ತಿ ಬೇಜಾರಾಗುವುದು ಹಾಸ್ಟೆಲ್ ಮೆಸ್ಸಿನಲ್ಲಿ. ಬಲಗೈಯಲ್ಲಿ ರೊಟ್ಟಿ, ನೀರಿನ ಲೋಟಕ್ಕೆ ಒರಗಿಸಿದ ಫೋನ್, ಒಂದು ಸಾಲಿನಲ್ಲಿ ಕೂತ ಹತ್ತು ಜನರಿಗೂ ಮಾತಿಲ್ಲ. ನಮ್ಮ ಬ್ಲಾಕಿನ ಒಬ್ಬ ಹುಡುಗಿಯ ಅಜ್ಜಿ ತೀರಿಕೊಂಡ ವಿಷಯ ಪಕ್ಕದಲ್ಲಿ ಊಟಕ್ಕೆ ಕೂತಿದ್ದವರಿಗೆ ಗೊತ್ತಾಗಿದ್ದು ಅವಳ ಸ್ಟೇಟಸ್ ನೋಡಿ. ಅಲ್ಲೇ ಕೂತು ಕೈಮುಗಿದ ಇಮೋಜಿ ಕಳಿಸಿದರು. ಅವಳ ಭುಜದ ಮೇಲೆ ಕೈ ಇಡಲು ಯಾರಾದರೂ ಒಂದು ಗೇಣು ಸರಿದಿದ್ದರೆ ಸಾಕಿತ್ತು. ಆ ದಿನ ನನಗಾದ ಸಂಕಟ ಹೇಳತೀರದು.

ನಮ್ಮ ಗಡಿಯಾಚೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ 7ಕ್ಕೆ ಸೈರನ್ ಕೂಗುವ ಏರ್ಪಾಡು ಮಾಡಿದರು. ಆಮೇಲೆ ಒಂದೂವರೆ ಗಂಟೆ ಮನೆಮನೆಯಲ್ಲಿ ಟಿವಿ, ಮೊಬೈಲ್ ಬಂದ್. ಮಕ್ಕಳು ಓದಬೇಕು, ದೊಡ್ಡವರು ಒಬ್ಬರಿಗೊಬ್ಬರು ಮಾತಾಡಬೇಕು ಅಂತ. ಇದರಲ್ಲಿ ನನಗೆ ಹಿಡಿಸಿದ್ದು, ಹುಡುಗರೊಬ್ಬರನ್ನೇ ಬೈದು ಕೈತೊಳೆದುಕೊಳ್ಳದೆ ಊರಿಗೆ ಊರೇ ಒಟ್ಟಿಗೆ ಬಿಟ್ಟಿದ್ದು. ಒಬ್ಬಳೇ ಬಿಟ್ಟರೆ ಒಂಟಿಯಾಗುತ್ತಾಳೆ.

ಕಾಲೇಜುಗಳಿಗೆ ಸೈರನ್ ಬೇಡ. ಗ್ರೂಪಿಗೆ ಹಾಕುವ ಪ್ರತಿ ನೋಟಿಸನ್ನೂ ಪ್ರಿಂಟ್ ತೆಗೆದು ಬೋರ್ಡಿಗೂ ಅಂಟಿಸಲಿ, ಕ್ಲಾಸಿನಲ್ಲಿ ಓದಿ ಹೇಳಲಿ. ಸಂಜೆ ಆರರ ಮೇಲೆ ಹಾಕಿದ್ದಕ್ಕೆ ಮರುದಿನವೇ ಗಡುವು ಇಡದಿರಲಿ. ಲೈಬ್ರರಿ ರೀಡಿಂಗ್ ರೂಮಿನ ಬಾಗಿಲಲ್ಲಿ ಬ್ಯಾಗ್ ಇಡಲು ಇರುವ ಗೂಡುಗಳಲ್ಲೇ ಫೋನ್ ಇಡಲೂ ಒಂದು ಬೀಗದ ಕಪಾಟು ಮಾಡಿಕೊಡಲಿ. ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆ ಇಷ್ಟಕ್ಕೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು, ಮುಂದಿನ ಸೆಮಿಸ್ಟರ್‌ನಿಂದಲೇ ಶುರು ಮಾಡಬಹುದು.

– ಒಬ್ಬ ವಿದ್ಯಾರ್ಥಿನಿ, ಧಾರವಾಡ